ಕೈಯೊಳಗಿನ ವಿದ್ಯೆ ಯಾರದು?

ಕೂಲಿಯವರಿಗೆ ಕೈ ಇದೆ, ಬುದ್ಧಿ ಇರುವುದು ಕುರ್ಚಿಯಲ್ಲಿ ಕುಳಿತವರಿಗೆ. ಈ ಮಾತನ್ನು ನಾವು ಕವಿತಾಳದ ಓಣಿಯಲ್ಲೂ ಕೇಳಿದೆವು, ಕಾಲೇಜಿನ ಪಾಠದಲ್ಲೂ ಕೇಳಿದೆವು. ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಂಡ ನಮಗೆ ಪುಸ್ತಕ ಕಲಿಸಿದ ಹೊಸ ಪದ 'ಅಕುಶಲ ಕಾರ್ಮಿಕ'. ಅಂದರೆ ನಮ್ಮ ಅವ್ವಂದಿರು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನೊಂದಿಗೆ ಜೋಳದ ಸೀಮೆಗೆ ಭತ್ತ ಬಂತು, ಭತ್ತದ ಬೆನ್ನಿಗೆ ಅಕ್ಕಿ ಗಿರಣಿ ಬಂದವು. ಗಿರಣಿಯ ಅಂಗಳದಲ್ಲಿ ಭತ್ತ ಹರವಿ, ಕಾಲಿಂದ ಗೆರೆ ಎಳೆದು ಒಣಗಿಸುವವರು ನಮ್ಮ ಹೆಣ್ಣುಮಕ್ಕಳು. ಒಂದು ಕಾಳು ಕಚ್ಚಿದರೆ ಸಾಕು, ಆ ಸಪ್ಪಳದಲ್ಲೇ ಹದ ತಿಳಿಯುತ್ತದೆ. ಹಸಿ ಇದ್ದರೆ ಜಜ್ಜಿ ಹೋಗುತ್ತದೆ. ಬಿರುಬಿಸಿಲಿಗೆ ಸಿಕ್ಕರೆ ಒಳಗೇ ಬಿರುಕು ಬಿಟ್ಟು ನುಚ್ಚಾಗುತ್ತದೆ.

'ಸಾವ್ಕಾರ್ರ, ನಡು ಮಧ್ಯಾಹ್ನ ಭತ್ತ ಹಂಗ ಬಿಡಬ್ಯಾಡ್ರಿ. ರಾಶಿ ಮಾಡಿ ಮುಚ್ಚೋಣ, ಹೊತ್ತು ಇಳಿದ ಮ್ಯಾಲ ಮತ್ತ ಹರವೋಣ' ಅಂದಳು ನಮ್ಮವ್ವ. ನುಚ್ಚು ಕಡಿಮೆಯಾಯಿತು. ಗಿರಣಿಯವರು ಅದನ್ನು ತಮ್ಮ ಹೊಸ ಪದ್ಧತಿ ಎಂದು ಹೇಳಿಕೊಂಡರು. ಅವ್ವನ ಕೂಲಿ ಇದ್ದಷ್ಟೇ ಉಳಿಯಿತು.

ಇದು ಒಂದು ಗಿರಣಿಯ ಕತೆಯಲ್ಲ. 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಕೋಲಾರದ ಸೀಮೆಯಲ್ಲಿ ಬಂಗಾರ ತೋರಿಸಿದವರಿಗೆ ಇನಾಮು ಎಂದ. ಹಳ್ಳಿಯ ಜನ ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು ಬಂಗಾರದ ಕಣ ತೋರಿಸಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 2001ರಲ್ಲಿ ಗಣಿ ಮುಚ್ಚಿತು. ಚರಿತ್ರೆಯಲ್ಲಿ ಸಾಹೇಬರ ಹೆಸರಿದೆ; ಮಣ್ಣು ತೊಳೆದವರ ಹೆಸರೆಲ್ಲಿ? ನಮ್ಮದೇ ಜಿಲ್ಲೆಯ ಹಟ್ಟಿಯಲ್ಲಿ 1947ರಲ್ಲಿ ಕಂಪನಿ ಸ್ಥಾಪನೆಯಾಗುವ ಎಷ್ಟೋ ಶತಮಾನ ಮೊದಲೇ, ಬಂಡೆಯನ್ನು ಬೆಂಕಿಯಲ್ಲಿ ಕಾಸಿ ನೀರೆರಚಿ ಸೀಳಿ ಅದಿರು ತೆಗೆದವರಿದ್ದರು. ಅವರು ತೋಡಿದ ಗುಂಡಿಗಳೇ ಹೊಸಬರಿಗೆ ದಾರಿ ತೋರಿದವು.

ಜಪಾನಿನಲ್ಲಿ ಇನ್ನೊಂದು ಬಗೆ ಕಾಣುತ್ತೇವೆ. 1985ರಲ್ಲಿ ಮತ್ಸುಶಿತಾ ಕಂಪನಿಯ ಬ್ರೆಡ್ ಯಂತ್ರಕ್ಕೆ ಹಿಟ್ಟು ಸರಿಯಾಗಿ ನಾದಲು ಬರಲಿಲ್ಲ. ಇಕುಕೊ ತನಾಕಾ ಎಂಬಾಕೆ ಒಸಾಕಾದ ಹೋಟೆಲೊಂದರ ಬ್ರೆಡ್ ಮಾಡುವವನ ಬಳಿ ಕೆಲಸಕ್ಕೆ ನಿಂತು ಕಲಿತಳು. ಆತ ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಿದ್ದ. ಆ ತಿರುಚನ್ನು ಎಂಜಿನಿಯರರು ಯಂತ್ರಕ್ಕೆ ಕಲಿಸಿದರು. ನೊನಾಕಾ ಮತ್ತು ತಕೆಯುಚಿ 1995ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದ ಮೇಲೆ ಜಗತ್ತಿನ ಮ್ಯಾನೇಜ್‌ಮೆಂಟ್ ಶಾಲೆಗಳಿಗೆಲ್ಲ ಇದು ಪಾಠವಾಯಿತು. ಕೈ ಬಲ್ಲದ್ದು ಬಾಯಿಗೆ ಬರುವುದಿಲ್ಲ, ಪಕ್ಕದಲ್ಲಿ ಕುಳಿತೇ ಕಲಿಯಬೇಕು ಎಂಬುದು ಅದರ ಸಾರ. ಪಕ್ಕದಲ್ಲಿ ಕೂರುವುದು! ನಮ್ಮೂರಲ್ಲಿ ಅದೇ ಅಲ್ಲವೇ ದೊಡ್ಡ ತೊಡಕು?

ಇನ್ನೊಂದು ತೊಡಕು ಹೊಟ್ಟೆಯದು. ಹತ್ತಾಳಿನ ಕೆಲಸ ಆರಾಳಿಂದ ಆಗುವ ಉಪಾಯ ಗೊತ್ತಿದ್ದರೂ ಕೂಲಿಕಾರ ಹೇಳುವುದಿಲ್ಲ. ಹೇಳಿದರೆ ನಾಳೆ ನಾಲ್ಕು ಮನೆಯ ಒಲೆ ಉರಿಯುವುದಿಲ್ಲ. ಇದನ್ನು ದಡ್ಡತನ ಎನ್ನುವವರಿಗೆ ಹಸಿವಿನ ಲೆಕ್ಕ ಬರುವುದಿಲ್ಲ. ಕೆಲಸದ ಭದ್ರತೆ, ಲಾಭದಲ್ಲಿ ಪಾಲು, ಕೆಲಸದ ಮೇಲೆ ಹೆಸರು ಇವು ಮೂರೂ ಇದ್ದಲ್ಲಿ ಮಾತ್ರ ಕೈಯ ವಿದ್ಯೆ ಬಾಯಿ ಬಿಡುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಗೆಳೆಯರೇ, ಮಕ್ಕಳಿಗೆ ಒಂದು ಕೆಲಸ ಕೊಡಿ. ಅಪ್ಪ ಅವ್ವನ ಕೈಗೆ ಏನೇನು ಗೊತ್ತು ಎಂದು ಕೇಳಿ ಬರೆದು ತರಲಿ. ತಂದದ್ದರ ಮೇಲೆ ಅವರ ಹೆಸರೂ ಇರಲಿ.