ಸೆಲ್ಫಿ ಆದಮೇಲಿನ ಕೆಲಸ

ಭಾನುವಾರ ಪ್ರಾಣಿಗಳ ಶೆಲ್ಟರ್‌ಗೆ ಹೋಗಿ ನಾಯಿಮರಿ ಎತ್ತಿಕೊಂಡು ಸೆಲ್ಫಿ ಹಾಕುವವರ ಬಗ್ಗೆ ನನಗೇನೂ ತಕರಾರಿಲ್ಲ. ಮರಿಗೂ ಖುಷಿ, ಲೈಕೂ ಬರುತ್ತೆ. ಆದರೆ ಅಲ್ಲಿ ಕೈ ಬೇಕಾಗಿರುವುದು ಗೂಡು ತೊಳೆಯೋಕೆ, ಗಲೀಜಾದ ಬೆಡ್‌ಶೀಟ್ ಒಗೆದು ಒಣಹಾಕೋಕೆ, ಗಾಯಕ್ಕೆ ಔಷಧಿ ಹಚ್ಚುವಾಗ ನಾಯಿಯನ್ನು ಅಲುಗಾಡದಂತೆ ಹಿಡಿದುಕೊಳ್ಳೋಕೆ. ಮರಿಗಳನ್ನು ಮುದ್ದಿಸೋಕೆ ಜನ ಬೇಕಾದಷ್ಟು. ಮುದಿ ನಾಯಿಯ ಪಕ್ಕ ಸುಮ್ಮನೆ ಅರ್ಧ ಗಂಟೆ ಕೂರುವವರು ಎಲ್ಲಿ? ಬೆಂಗಳೂರಿನ ಕ್ಯೂಪಾ ಅನ್ನೋ ಸಂಸ್ಥೆ 1991ರಿಂದ ಪ್ರಾಣಿಗಳ ಆರೈಕೆಯ ಕೆಲಸದಲ್ಲಿದೆ. ಇಂಥ ಸಂಸ್ಥೆಗಳಿಗೆ ದುಡ್ಡಿನಷ್ಟೇ ಬೇಕಾಗಿರುವುದು ತಪ್ಪದೆ ಬರುವ ಜನ. ತಿಂಗಳಿಗೆ ಒಂದೇ ದಿನವಾದರೂ ಸರಿ, ಹೇಳಿದ ದಿನ ಹೋಗಿ. ಮೊದಲು ಫೋನ್ ಮಾಡಿ, ಡಾಕ್ಟರ್ ಹತ್ತಿರ ರೇಬಿಸ್ ಲಸಿಕೆ ವಿಚಾರಿಸಿ, ಮನೆಯಲ್ಲಿರೋ ಹಳೇ ನ್ಯೂಸ್‌ಪೇಪರ್ ಕಟ್ಟು, ಟವೆಲ್ಲು ಎಲ್ಲ ಹೊತ್ತುಕೊಂಡು ಹೋಗಿ.