ಕೊರಳಿನ ಗಂಟು

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರ ಲೇಖನಗಳು ಬೇಕೆಂಬ ಪತ್ರವು ಕೈಸೇರಿದಾಗ, ಏನನ್ನು ಬರೆಯಬೇಕೆಂಬ ವಿಷಯದಲ್ಲಿ ನಾವು ಅಕ್ಕತಂಗಿಯರಿಬ್ಬರೂ ಹೆಚ್ಚು ಚರ್ಚಿಸಲಿಲ್ಲ. ಶಾಲೆಯ ದಿನಗಳ ವಿನೋದಗಳನ್ನು ಬರೆಯುವವರು ಅನೇಕರಿರುವರು. ನಮ್ಮೊಳಗೆ ಕಿರಿಯಳಿಗೆ ಬಂದ ಒಂದು ವ್ಯಾಧಿಯನ್ನೂ, ಅದರೊಡನೆ ನಮ್ಮ ಮನೆಗಳು ಬಾಳಿದ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಸೋದರಿಯರ ಮುಂದಿಡುತ್ತೇವೆ. ಇದು ಸಂಭ್ರಮದ ಸಂಚಿಕೆಗೆ ಒಪ್ಪುವ ವಿಷಯವೇ ಎಂದು ಕೆಲವರು ಕೇಳಬಹುದು. ಓದುವವರಲ್ಲಿ ಒಬ್ಬಳ ಕೈಯಾದರೂ ತನ್ನ ಕೊರಳಿನ ಕಡೆಗೆ ಹೋಗುವುದಾದರೆ ಒಪ್ಪುವುದೆಂದೇ ನಮ್ಮ ಅಭಿಪ್ರಾಯ.

ಕಿರಿಯಳ ಸಂಸಾರವು ಹೊಳೆನರಸೀಪುರದಲ್ಲಿ. ಹಿರಿಯಳು ಚನ್ನರಾಯಪಟ್ಟಣದಲ್ಲಿ ಉಪಾಧ್ಯಾಯಿನಿ. ತಾಯಿಯವರು ಅರಕಲಗೂಡಿನ ಹಳೆಯ ಮನೆಯಲ್ಲಿಯೇ ಇದ್ದಾರೆ. 2018ರ ಮಳೆಗಾಲದಲ್ಲಿ ಕಿರಿಯಳ ಕೊರಳೆಲುಬಿನ ಮೇಲೆ, ಎಡಗಡೆ, ಅಡಕೆಯ ಗಾತ್ರದ ಗಂಟೊಂದು ಕಾಣಿಸಿಕೊಂಡಿತು. ನೋವೇನೂ ಇರಲಿಲ್ಲ. ಕೆಲವು ವಾರಗಳಲ್ಲಿ ಸಂಜೆಯ ಜ್ವರ, ಹಾಸಿಗೆ ತೋಯುವಂತೆ ಇರುಳಿನ ಬೆವರು, ಕಾರಣ ತಿಳಿಯದ ಮೈತುರಿಕೆ ಇವೆಲ್ಲವೂ ಕೂಡಿಕೊಂಡವು. ನೋಡಿದ ವೈದ್ಯರೊಬ್ಬರು ಕೈಯಿಂದ ಮುಟ್ಟಿ ಪರೀಕ್ಷಿಸಿ, ಇದು ಗಂಡಮಾಲೆ, ಅಂದರೆ ಕೊರಳಿನ ಕ್ಷಯವೆಂದು ನಿಶ್ಚಯಿಸಿ ಮಾತ್ರೆಗಳನ್ನು ಬರೆದುಕೊಟ್ಟರು. ನಾಲ್ಕು ತಿಂಗಳು ಮಾತ್ರೆಗಳನ್ನು ತಪ್ಪದೆ ನುಂಗಿದ್ದಾಯಿತು. ಒಂದಿದ್ದ ಗಂಟು ಮೂರಾಯಿತು.

ಆ ವೈದ್ಯರನ್ನು ನಿಂದಿಸುವ ಉದ್ದೇಶ ನಮ್ಮದಲ್ಲ. ನಮ್ಮ ದೇಶದಲ್ಲಿ ಕೊರಳಿನ ಗಂಟಿಗೆ ಕ್ಷಯವು ಸಾಮಾನ್ಯವಾದ ಕಾರಣ. ಜ್ವರ, ಬೆವರು, ಕೃಶತೆ ಎರಡು ವ್ಯಾಧಿಗಳಲ್ಲಿಯೂ ಉಂಟು. ಆದರೆ ಮುಟ್ಟಿ ನೋಡಿ ಇವೆರಡನ್ನೂ ಬೇರ್ಪಡಿಸಲು ಯಾರಿಂದಲೂ ಆಗದು. ಗಂಟನ್ನು ತೆಗೆದು, ತೆಳ್ಳಗೆ ಸೀಳಿ, ಬಣ್ಣವೇರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಸೂಜಿಯಿಂದ ಎಳೆದ ರಸವು ಅನೇಕ ವೇಳೆ ಸಾಲದು. ಗಂಟು ಇಡಿಯಾಗಿ ದೊರೆತರೆ ಉತ್ತಮ. ಈ ಪರೀಕ್ಷೆಯ ಹೆಸರೇ ಬಯಾಪ್ಸಿ.

ಇಲ್ಲಿ ವಿದ್ಯಾರ್ಥಿನಿಯರು ತಿಳಿಯಬೇಕಾದ ಒಂದು ವೃತ್ತಾಂತವುಂಟು. ನಮ್ಮ ದೇಹದಲ್ಲಿ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳೂ, ನಡುನಡುವೆ ಸಣ್ಣ ಗ್ರಂಥಿಗಳೂ ಇವೆ. ಅಲ್ಲಿ ನೆಲೆಸಿ ರೋಗಗಳೊಡನೆ ಹೋರಾಡುವ ಬಿಳಿಯ ಕಣಗಳು ಅಂಕೆಮೀರಿ ಹೆಚ್ಚುವುದೇ ಲಿಂಫೋಮ ಎಂಬ ಅರ್ಬುದ. ಇದರ ಒಂದು ಬಗೆಯನ್ನು 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯರು ವರ್ಣಿಸಿದರು. ಆದರೂ ಅನಂತರ ಬಹುಕಾಲ ಇದು ಕ್ಷಯದ ರೂಪಾಂತರವೆಂದೇ ಅನೇಕ ಪಂಡಿತರು ನಂಬಿದ್ದರು. ಹೆಣ್ಣುಮಕ್ಕಳು ವೈದ್ಯಶಾಲೆಗಳಲ್ಲಿ ಓದುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಲ್ಲಿ ಕಲಿತ ಡೊರೊಥಿ ರೀಡ್ ಎಂಬ ತರುಣಿಯು ಈ ಗಂಟುಗಳಲ್ಲಿರುವ ವಿಚಿತ್ರವಾದ ದೊಡ್ಡ ಕಣಗಳನ್ನು ತಾಳ್ಮೆಯಿಂದ ನೋಡಿ, ಚಿತ್ರಿಸಿ, ಇದು ಕ್ಷಯವಲ್ಲ, ಬೇರೆಯೇ ವ್ಯಾಧಿಯೆಂದು 1902ರಲ್ಲಿ ಬರೆದಳು. ಆ ಕಣಗಳು ಇಂದಿಗೂ ಅವಳ ಹೆಸರನ್ನು ಹೊತ್ತಿವೆ. ಅವಳು ಬಿಡಿಸಿದ ಸಂಶಯದಲ್ಲಿಯೇ, ನೂರು ವರ್ಷಗಳು ಕಳೆದ ಮೇಲೂ, ನಮ್ಮ ನಾಲ್ಕು ತಿಂಗಳು ಹೋದವು.

ಹಾಸನದಲ್ಲಿ ಗಂಟನ್ನು ತೆಗೆಸಿ, ವ್ಯಾಧಿಯು ಹಾಡ್ಜ್‌ಕಿನ್ ಲಿಂಫೋಮವೆಂದು ತಿಳಿದ ಮೇಲೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದೆವು. 1973ರಲ್ಲಿ ಸ್ಥಾಪಿತವಾದ ಆ ಆಸ್ಪತ್ರೆಗೆ ನಾಡಿನ ಎಲ್ಲ ಮೂಲೆಗಳಿಂದಲೂ ಜನರು ಬರುತ್ತಾರೆ. ಸಾಲಿನಲ್ಲಿ ನಿಂತು ಕಳೆದ ಹೊತ್ತನ್ನು ವರ್ಣಿಸಿ ಪ್ರಯೋಜನವಿಲ್ಲ. ಅರ್ಬುದಗಳಲ್ಲಿ ಇದು ಗುಣವಾಗುವ ಜಾತಿಯದೆಂದೂ, ಹದಿನೈದು ದಿನಗಳಿಗೊಮ್ಮೆ ಹನ್ನೆರಡು ಸಲ ರಕ್ತನಾಳದಲ್ಲಿ ಔಷಧಿ ಸೇರಿಸಬೇಕೆಂದೂ, ಒಂದು ಸಲವೂ ತಪ್ಪಬಾರದೆಂದೂ ವೈದ್ಯರು ಹೇಳಿದರು. ಅಂದಿನಿಂದ ಆರು ತಿಂಗಳು ನಮ್ಮ ಪಂಚಾಂಗದಲ್ಲಿ ಹಬ್ಬಹರಿದಿನಗಳಿರಲಿಲ್ಲ. ಹದಿನೈದರ ಲೆಕ್ಕವೊಂದೇ ಇತ್ತು.

ಮುನ್ನಾದಿನ ಕಿರಿಯಳು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಬರುವಳು. ಮರುದಿನ ಇಬ್ಬರೂ ರೈಲು ಹತ್ತುವೆವು. ಕುಣಿಗಲ್ಲಿನ ಮೇಲಿಂದ ಬೆಂಗಳೂರಿಗೆ ಹೋಗುವ ಆ ಮಾರ್ಗವು 2017ರಲ್ಲಿ ಪೂರ್ತಿಯಾಯಿತು. ಬೆನ್ನು ಚಾಚಿ ಹಿಂದಿರುಗಬಹುದಾದ ಆ ರೈಲಿಗೆ ನಾವು ಎಷ್ಟು ಋಣಿಗಳೋ ಹೇಳಲಾರೆವು. ಔಷಧಿಗಳು ನಾಲ್ಕು. ಒಂದು ದಾಸವಾಳದಂತೆ ಕೆಂಪು. ಆ ದಿನ ಮೂತ್ರವೂ ಕೆಂಪಾಗುವುದು, ಮೊದಲೇ ತಿಳಿಯದವರು ರಕ್ತವೆಂದು ಹೆದರುವರು. ಇನ್ನೊಂದಕ್ಕೆ ಬೆಳಕು ಆಗದು. ಕಪ್ಪು ಚೀಲವನ್ನು ಹೊದಿಸಿ ತೂಗುಹಾಕುವರು, ಅದು ಹರಿಯುವಾಗ ತೋಳೆಲ್ಲ ಉರಿಯುವುದು.

ಮೂರನೆಯದು ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದದ್ದು. ಕಾಶಿಕಣಗಿಲೆ ಎಂದೂ ಅದನ್ನು ಕರೆಯುವರು. ಸಕ್ಕರೆಕಾಯಿಲೆಗೆ ಮದ್ದೆಂದು ಹೆಸರಾಗಿದ್ದ ಈ ಗಿಡವನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬವರು ಪರೀಕ್ಷಿಸಿದಾಗ, ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದವು. ಅಲ್ಲಿಂದ ವಿನ್‌ಬ್ಲಾಸ್ಟಿನ್ ಹುಟ್ಟಿತು. ಈ ಸಂಗತಿಯನ್ನು ಬಂಧುವೊಬ್ಬರಿಗೆ ಹೇಳಿದ್ದೇ ತಡ, ಅವರು ಮರುದಿನವೇ ಆ ಎಲೆಯ ಕಷಾಯವನ್ನು ಕಾಯಿಸಿ ತಂದರು! ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣ ಎಲೆ ಬೇಕೆಂದೂ, ಎಲೆಯಲ್ಲಿ ಬೇರೆ ವಿಷಗಳೂ ಇವೆಯೆಂದೂ ವಿವರಿಸಿ ಕಷಾಯವನ್ನು ಗಿಡದ ಬುಡಕ್ಕೇ ಹೊಯ್ದೆವು. ಅವರು ಒಂದು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ.

ಔಷಧಿಯಾದ ಮೂರು ದಿನ ವಾಕರಿಕೆ. ಬಾಯಿಗೆ ಕಬ್ಬಿಣವನ್ನು ನೆಕ್ಕಿದ ರುಚಿ. ಮುದ್ದೆ, ಸೊಪ್ಪಿನ ಸಾರು ಯಾವುದೂ ಸೇರದು. ರಾಗಿ ಗಂಜಿಯೊಂದೇ ಇಳಿಯುತ್ತಿತ್ತು. ಎರಡನೆಯ ವಾರದಲ್ಲಿ ಬಿಳಿಯ ಕಣಗಳು ತಗ್ಗುವ ಕಾರಣ ಹಸಿಯ ಕೋಸಂಬರಿ ಕೂಡದು, ಮದುವೆಮನೆ ಕೂಡದು, ನೆಗಡಿಯ ಮಕ್ಕಳನ್ನು ಎತ್ತಿಕೊಳ್ಳುವುದು ಕೂಡದು. ಜ್ವರಮಾಪಕವು 100.4 ಡಿಗ್ರಿಯನ್ನು ಮುಟ್ಟಿದರೆ ಬೆಳಗಾಗುವವರೆಗೆ ಕಾಯಬಾರದೆಂಬುದು ವೈದ್ಯರ ಆಜ್ಞೆ. ಒಂದು ನಡುರಾತ್ರಿ ಅದು 101ಕ್ಕೆ ಏರಲಾಗಿ, ನೆರೆಯವರ ಕಾರಿನಲ್ಲಿ ಹೊಳೆನರಸೀಪುರದಿಂದ ಹಾಸನಕ್ಕೆ ಓಡಿದೆವು. ಐದು ದಿನ ನಾಳದ ಮೂಲಕ ಔಷಧಿ ಕೊಟ್ಟು ಕಳುಹಿಸಿದರು.

ಎರಡನೆಯ ತಿಂಗಳಿಗೆ ತಲೆ ಬೋಳಾಯಿತು. ಮುತ್ತೈದೆಯ ಬೋಳುತಲೆಗೆ ನಮ್ಮ ಕಡೆಯವರು ಯಾವ ಅರ್ಥವನ್ನು ಹಚ್ಚುವರೆಂಬುದನ್ನು ಬರೆಯಬೇಕಾಗಿಲ್ಲ. ಕಿರಿಯಳ ಅತ್ತೆಯವರು ಏನೆನ್ನುವರೋ ಎಂದು ನಾವು ಅಂಜಿದ್ದೆವು. ಅವರು ತಮ್ಮ ಹಳೆಯ ಮೆತ್ತನೆಯ ಸೀರೆಯನ್ನು ಹರಿದು ತಲೆವಸ್ತ್ರಗಳನ್ನು ಹೊಲಿದು, "ಕೂದಲು ಬೆಳೆಯುತ್ತೆ ಕಣಮ್ಮ, ನೀನು ಉಂಡು ಮಲಗು" ಎಂದರು.

ನಾಲ್ಕನೆಯ ಔಷಧಿಯು ಶ್ವಾಸಕೋಶವನ್ನು ಬಾಧಿಸಬಲ್ಲುದಾದ್ದರಿಂದ ಉಸಿರಿನ ಪರೀಕ್ಷೆಗಳು ನಡೆಯುತ್ತಿದ್ದವು. ಚಿಕಿತ್ಸೆ ಮುಗಿದ ಮರುವರ್ಷ ನಾವೇ ಒಂದು ಪರೀಕ್ಷೆ ಮಾಡಿಕೊಂಡೆವು: ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಹತ್ತಿದೆವು. ಕಿರಿಯಳು ಏಳು ಕಡೆ ಕುಳಿತಳು; ಹಿರಿಯಳು, ಯಾವ ಔಷಧಿಯನ್ನೂ ತೆಗೆದುಕೊಳ್ಳದವಳು, ಒಂಬತ್ತು ಕಡೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಅರಕಲಗೂಡಿನಲ್ಲಿ ತಾಯಿಯವರು ಕೇಳಿದವರಿಗೆಲ್ಲ "ರಕ್ತ ಕಡಮೆ" ಎಂದಷ್ಟೇ ಹೇಳುತ್ತಿದ್ದರು. ಕ್ಯಾನ್ಸರ್ ಎಂಬ ಪದವು ಆ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಕಿರಿಯಳಿಗೆ ಮಗಳಿದ್ದಾಳೆ, ನಾಳೆ ಅವಳ ಮದುವೆಯ ಮಾತು ಬಂದಾಗ ಏನು ಗತಿ ಎಂಬುದು ಅವರ ಚಿಂತೆ. ಈ ವ್ಯಾಧಿಯು ಅಂಟುವುದಿಲ್ಲ, ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಇಳಿದುಬರುವುದೂ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಒಪ್ಪಲಿಲ್ಲ. 2024ರಲ್ಲಿ ಚಿಕಿತ್ಸೆ ಮುಗಿದು ಐದು ವರ್ಷ ತುಂಬಿ, ವೈದ್ಯರು ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕೆಂದ ಮೇಲೆಯೇ, ಒಂದು ಮಧ್ಯಾಹ್ನ ಜಗುಲಿಯಲ್ಲಿ ಕುಳಿತು, ನೆರೆಯ ಹೆಂಗಸರಿಗೆ ಹೆಸರು ಹಿಡಿದು ಎಲ್ಲವನ್ನೂ ಹೇಳಿದರಂತೆ.

ಈ ಲೇಖನವನ್ನು ಬರೆಯುವುದಕ್ಕೆ ಕೆಲವು ದಿನಗಳ ಮುಂಚೆ ಆ ಬೀದಿಯ ಹೆಂಗಸೊಬ್ಬಳು ತಾಯಿಯವರ ಬಳಿಗೆ ಬಂದು, ಸೆರಗನ್ನು ಸರಿಸಿ ಕೊರಳನ್ನು ತೋರಿಸಿದಳು. ಗಂಟು ಎದ್ದು ಆರು ತಿಂಗಳಾಗಿತ್ತು; ಮನೆಯವರಿಗೂ ತಿಳಿಸಿರಲಿಲ್ಲ. ಅವಳನ್ನು ಹಾಸನಕ್ಕೆ ಕರೆದೊಯ್ದೆವು. ಕ್ಷಯವಾಗಿದ್ದರೆ ಕ್ಷಯಕ್ಕೆ, ಬೇರೆಯಾಗಿದ್ದರೆ ಅದಕ್ಕೆ ಚಿಕಿತ್ಸೆಯಾಗಲೆಂದು ಗಂಟನ್ನು ಇಡಿಯಾಗಿಯೇ ತೆಗೆಸಿದ್ದೇವೆ. ವರದಿಯು ಗುರುವಾರ ಬರುವುದೆಂದು ಹೇಳಿದ್ದಾರೆ.