ಛಾಪಾ ಕಾಗದದ ಬೆನ್ನಿನ ತಾರೀಖು

“ಎಂಟರ್‌ಟೈನ್‌ಮೆಂಟ್ ಲಾ ಮಾಡಬೇಕಂದ್ರೆ ಮುಂಬೈಗೇ ಹೋಗಬೇಕೇನಕ್ಕಾ? ದೊಡ್ಡ ಹೀರೋಗಳ ಪರಿಚಯ ಇರಬೇಕೇನು?” ಎಂದು ಕೇಳಿಕೊಂಡು ಕಾನೂನು ಓದುವ ಹುಡುಗ ಹುಡುಗಿಯರು ನನ್ನ ಬಳಿ ಬರುತ್ತಾರೆ. ಅವರಿಗೆ ಕಾಲೇಜು, ಕೋರ್ಸುಗಳ ಹೆಸರು ಹೇಳುವ ಮುಂಚೆ ನಾನು ಒಂದು ಶಿವರಾತ್ರಿಯ ಕಥೆ ಹೇಳುತ್ತೇನೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ ನಡೆದದ್ದು. ನಾನು ಈ ದಾರಿ ಹಿಡಿದದ್ದೇ ಆ ರಾತ್ರಿಯಿಂದ.

ಅದು 2009ನೇ ಇಸವಿ. ನಾನಾಗ ನಮ್ಮೂರಿನ ಆರ್.ಎಲ್. ಕಾನೂನು ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಎನ್ನುತ್ತಾರಲ್ಲ, ಆ ವರ್ಷ ಅದು ಇನ್ನೂ ಹೊರಟಿರಲಿಲ್ಲ. ಬೆಳಗಿನ ಸ್ನಾನಕ್ಕೆಂದು ಅಜ್ಜಿ ಹಿತ್ತಲಲ್ಲಿ ಹಂಡೆಯ ಒಲೆಗೆ ಆಗಲೇ ಬೆಂಕಿ ಹಾಕಿದ್ದಳು. ಜಾಗರಣೆಗೆ ಕೂತವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಬಂದು ಕೂತೆವು. ತಟ್ಟೆಯಲ್ಲಿ ತಂಬಿಟ್ಟು, ಬಾಳೆಹಣ್ಣು.

ನಮ್ಮಜ್ಜ ಹತ್ತಿ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಹಗಲು ಮಿಲ್ಲು, ರಾತ್ರಿ ನಾಟಕ ಎಂದು ಬದುಕಿದವನು. ಆ ತಲೆಮಾರಿನ ದಾವಣಗೆರೆಯವರಿಗೆ ನಾಟಕ ದೂರದ್ದಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಅವರ ಮಗಳು ಪದ್ಮಶ್ರೀ ಚಿಂದೋಡಿ ಲೀಲಾ ಈ ಊರಿನವರು. ಅವರ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕೆ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅಜ್ಜ ತನ್ನ ಮನೆಗೇ ಬಂದಷ್ಟು ಹಿಗ್ಗಿದ್ದ.

ಆ ರಾತ್ರಿ ಅಜ್ಜನ ಹಳೆಯ ಗೆಳೆಯರೊಬ್ಬರು ಬರುವವರಿದ್ದರು. ಕಂಪನಿ ನಾಟಕಗಳನ್ನು ಬರೆಯುವವರನ್ನು ನಮ್ಮ ಕಡೆ ‘ಕವಿಗಳು’ ಎನ್ನುತ್ತಾರೆ. ಅವರನ್ನೂ ಬಡಾವಣೆಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ನಾನು ‘ಕವಿ ಅಜ್ಜ’ ಎನ್ನುತ್ತಿದ್ದೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಿದ್ದಿತ್ತೆಂದು ತಡವಾಗಿ ಬಂದರು. ಬಂದವರು ಒಲೆಯ ಮುಂದೆ ಕೂತರೂ ಎಂದಿನಂತೆ ರಂಗಗೀತೆ ಎತ್ತಿಕೊಳ್ಳಲಿಲ್ಲ.

“ಯಾಕಪಾ, ಉಪವಾಸ ಜೋರಾತೇನು?” ಎಂದ ಅಜ್ಜ.

“ಹರಿಹರದ ಬಸ್ ಸ್ಟ್ಯಾಂಡ್ ಹತ್ರ ಚಾ ಕುಡಿಯಾಕ ನಿಂತಿದ್ದೆ. ಅಂಗಡಿಯವ ಟಿವಿಯೊಳಗ ನಾಟಕದ ಸಿಡಿ ಹಾಕಿದ್ದ. ಎರಡು ಮಾತು ಕೇಳಿದ್ನಿ, ಮೂರನೇದು ನಾನೇ ಹೇಳಿದ್ನಿ. ನನ್ನ ನಾಟಕ ಅದು. ಸಿಡಿ ಕವರ್ ಇಸ್ಕೊಂಡು ನೋಡಿದ್ರ ಬರೆದವರು ಅಂತ ಇನ್ಯಾರದೋ ಹೆಸರು.” ಇಷ್ಟು ಹೇಳಿ ಅವರು ಚೀಲದಿಂದ ಮಡಚಿಟ್ಟ ಛಾಪಾ ಕಾಗದವೊಂದನ್ನು ತೆಗೆದರು. “ಕ್ಯಾಸೆಟ್ಟಿನವರಿಗೆ ಹಿಂದ ಬರಕೊಟ್ಟದ್ದು. ಮಾರಿದ ಮ್ಯಾಲ ಮುಗೀತು ಅಂತಾರ ಎಲ್ಲಾರೂ. ನೀ ಲಾ ಓದಾಕಿ, ನೋಡವಾ.”

ಕ್ಯಾಸೆಟ್ಟಿನ ಕಾಲ ನಿಮಗೆ ನೆನಪಿರಲಿಕ್ಕಿಲ್ಲ. ಕಂಪನಿಯ ಹೆಸರುವಾಸಿ ನಾಟಕಗಳನ್ನು ಮಾತು, ಹಾಡು ಸಮೇತ ಧ್ವನಿಮುದ್ರಿಸಿ ಮಾರುತ್ತಿದ್ದರು. ಜಾತ್ರೆ, ಹೋಟೆಲು, ಟ್ರ್ಯಾಕ್ಟರು ಎಲ್ಲಿ ಹೋದರೂ ಅವೇ ಕೇಳುತ್ತಿದ್ದವು. ಬರೆದವರಿಗೆ ಒಂದು ಸಲ ಕೈಗೆ ಒಂದಿಷ್ಟು ದುಡ್ಡು, ಒಂದು ಸಹಿ. ಕವಿ ಅಜ್ಜನ ಕಾಗದದಲ್ಲೂ ಅಷ್ಟೇ ಇತ್ತು: ಇಂಥ ನಾಟಕದ ಹಕ್ಕನ್ನು ಇಷ್ಟು ಹಣ ಪಡೆದು ಬಿಟ್ಟುಕೊಟ್ಟಿರುತ್ತೇನೆ. ಎಷ್ಟು ವರ್ಷಕ್ಕೆ ಎಂಬ ಮಾತಿಲ್ಲ. ಶಾಶ್ವತವಾಗಿ ಎಂಬ ಮಾತೂ ಇಲ್ಲ.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಯಾಕೆಂದರೆ ಆ ತಿಂಗಳಿಡೀ ನಾನು ಕೃತಿಸ್ವಾಮ್ಯದ ಕಾಯ್ದೆಯಲ್ಲೇ ಮುಳುಗಿದ್ದೆ. ಜನವರಿ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಅದಕ್ಕೆ ಕಾರಣ. ಅದು ನಮ್ಮ ಶಿವರಾಮ ಕಾರಂತರ ಯಕ್ಷರಂಗದ ಮೊಕದ್ದಮೆ. ಬೆಂಕಿಯ ಮುಂದೆ ಕೂತು ಮೊದಲು ಅದನ್ನೇ ಹೇಳಿದೆ.

ಕಾರಂತರು ಯಕ್ಷಗಾನವನ್ನು ಹೊಸದಾಗಿ ಕಟ್ಟಿ ‘ಯಕ್ಷರಂಗ’ ಎಂಬ ಬ್ಯಾಲೆ ರೂಪ ಕೊಟ್ಟರು. ಹೆಜ್ಜೆ, ವೇಷ, ರಂಗಸಜ್ಜಿಕೆ, ಪ್ರಸಂಗದ ನಡೆ ಎಲ್ಲದರಲ್ಲೂ ಅವರ ಕೈ ಇತ್ತು. 1994ರಲ್ಲಿ ಉಯಿಲು ಬರೆದು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನವಾಯಿತು. ನನ್ನ ಅನುಮತಿ ಕೇಳಿಲ್ಲ ಎಂದು ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಎದುರು ನಿಂತದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಕಾರಂತರು ನಮ್ಮ ಕೇಂದ್ರದ ನಿರ್ದೇಶಕರಾಗಿ, ನಮ್ಮ ಹಣ, ನಮ್ಮ ಜನರ ನೆರವಿನಿಂದ ಮಾಡಿದ್ದು ಎಂಬುದು ಅಕಾಡೆಮಿಯ ವಾದ. ಉಡುಪಿ, ಹೈಕೋರ್ಟು, ಸುಪ್ರೀಂ ಕೋರ್ಟು ಮೂರೂ ಕಡೆ ಮಾಲಿನಿ ಮಲ್ಯ ಅವರ ಹಕ್ಕು ಉಳಿಯಿತು. ಬ್ಯಾಲೆ ಎಂಬುದು ‘ನಾಟಕ ಕೃತಿ’, ಉಯಿಲಿನಲ್ಲಿ ಉಳಿದೆಲ್ಲ ಆಸ್ತಿಯೂ ಆಕೆಗೆ ಎಂದಿರುವುದರಿಂದ ಅದೂ ಆಕೆಗೇ ಸೇರುತ್ತದೆ ಎಂದಿತು ಸುಪ್ರೀಂ ಕೋರ್ಟು. ಜೊತೆಗೆ, ವಿದ್ಯಾಸಂಸ್ಥೆಯ ಸೀಮಿತ ಪ್ರೇಕ್ಷಕರ ಮುಂದೆ, ಟಿಕೆಟ್ಟಿಲ್ಲದ ಸಭೆಯಲ್ಲಿ ಆಡುವುದಕ್ಕೆ ಕಾಯ್ದೆಯಲ್ಲಿರುವ ವಿನಾಯಿತಿಗಳು ಅಕಾಡೆಮಿಗೂ ಇವೆ ಎಂದಿತು.

ಕವಿ ಅಜ್ಜ ಕಣ್ಣು ಮಿಟುಕಿಸದೆ ಕೇಳಿದರು. “ಹಂಗಾದ್ರ ಕುಣಿತಕ್ಕೂ ಒಡೆಯರು ಇದಾರ ಅಂತಾತು. ನನ್ನ ಮಾತಿಗೆ ಇರಲ್ಲೇನು?” ಎಂದರು. ಆಮೇಲೆ ಅವರೇ ಒಂದು ಅನುಮಾನ ಎತ್ತಿದರು: “ನಾನೂ ಕಂಪನಿ ಪಗಾರ ತಿಂದಾಂವ. ಬರೆದದ್ದು ಮಾಲೀಕರದು ಆಗಂಗಿಲ್ಲೇನು?”

ಅದು ಸರಿಯಾದ ಪ್ರಶ್ನೆ. ಸಂಬಳದ ಕೆಲಸದ ಭಾಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರೇ ಮೊದಲ ಒಡೆಯರಾಗುತ್ತಾರೆ. ಯಾವಾಗ ಬರೆದಿರಿ ಎಂದು ಕೇಳಿದೆ. ಮಳೆಗಾಲಕ್ಕೆ ಮುಕ್ಕಾಂ ಎತ್ತಿ ಕಂಪನಿ ಮುಚ್ಚಿದಾಗ, ಪಗಾರವಿಲ್ಲದೆ ಮನೆಯಲ್ಲಿ ಕೂತು ಬರೆದದ್ದು ಎಂದರು. ಅವರ ಕೈಬರಹದ ಮೂಲ ಪ್ರತಿ ಟ್ರಂಕಿನಲ್ಲಿತ್ತು. ಆ ಅನುಮಾನ ತೀರಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು, ಅದೇ ದೊಡ್ಡದು: ಮಾರಿದ ಮೇಲೆ ಮುಗಿಯಿತೇ? ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ಮಾತಿದೆ: ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ತಿಳಿಯಬೇಕು. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಬರೆಯುವವರ ಕೈ ಹಿಡಿಯುವ ನಿಯಮ ಇದು. ಆದರೆ ಇದು ಬಂದದ್ದು 1994ರ ತಿದ್ದುಪಡಿಯಿಂದ. ಜಾರಿಯಾದದ್ದು 1995ರ ಮೇ 10ರಂದು. ಅದಕ್ಕೂ ಹಿಂದಿನ ಪತ್ರಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಹಾಗಾಗಿ ಎಲ್ಲವೂ ತಾರೀಖಿನ ಮೇಲೆ ನಿಂತಿತು.

ಸಹಿಯ ಕೆಳಗೆ ತಾರೀಖು ಇದ್ದ ಜಾಗದಲ್ಲಿ ಶಾಯಿ ನೀರು ಕುಡಿದು ಹರಡಿತ್ತು. ಇಸವಿ ಯಾವುದೆಂದು ಕವಿ ಅಜ್ಜನಿಗೆ ನೆನಪಿಲ್ಲ. ಕಾಗದದಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿತ್ತು. ಚಿಕ್ಕಪ್ಪ ಅದನ್ನು ನೋಡಿ, “ನಮ್ಮದು ಬೇರೆ ಜಿಲ್ಲೆ ಆಗಿದ್ದು 97ರ ಆಗಸ್ಟ್ 15ಕ್ಕೆ. ಇದು ಅದಕ್ಕಿಂತ ಹಳೇದು,” ಎಂದರು. ಎಷ್ಟು ಹಳೆಯದು? 95ರ ಮೇ ತಿಂಗಳಿಗೆ ಮುಂಚಿನದಾದರೆ ಆ ಕಲಮಿನ ದಾರಿ ಮುಚ್ಚುತ್ತಿತ್ತು. ಅಜ್ಜಿ ಒಲೆಗೆ ಕಟ್ಟಿಗೆ ಮುಂದೂಡಿದಳು. ಯಾರೂ ಮಾತಾಡಲಿಲ್ಲ.

ಆಗ ನಾನು ಕಾಗದ ತಿರುವಿದೆ. ಆಗೆಲ್ಲ ಛಾಪಾ ಕಾಗದ ಮಾರುವಾಗ ಸ್ಟಾಂಪ್ ವೆಂಡರ್ ಹಿಂಬದಿಯಲ್ಲಿ ಮೊಹರು ಒತ್ತಿ, ಕ್ರಮಸಂಖ್ಯೆ, ಕೊಂಡವರ ಹೆಸರು, ಮಾರಿದ ದಿನ ಬರೆಯಬೇಕಿತ್ತು. ಆ ಬರಹ ನೇರಳೆ ಶಾಯಿಯಲ್ಲಿ ಹಾಗೇ ಉಳಿದಿತ್ತು. ಕಾಗದ ಕೊಂಡದ್ದು 1996ರಲ್ಲಿ. ಕೊಳ್ಳುವ ಮುಂಚೆ ಅದರ ಮೇಲೆ ಸಹಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಅಂದರೆ ಪತ್ರ ಹೊಸ ನಿಯಮದ ನಂತರದ್ದು. ಜಿಲ್ಲೆ ಬೇರೆಯಾಗುವ ಮುಂಚಿನದು. ಐದು ವರ್ಷ ಎಂದು ಹಿಡಿದರೆ ತಡವೆಂದರೂ 2002ಕ್ಕೆ ಅವಧಿ ಮುಗಿದಿತ್ತು. ಸಿಡಿ ಬಂದದ್ದು 2008ರಲ್ಲಿ.

“ಕವಿ ಅಜ್ಜಾ, ನಾಟಕ ನಿಮ್ಮದು,” ಎಂದೆ.

ಅವರು ಕೂಡಲೇ ದುಡ್ಡಿನ ಮಾತು ಎತ್ತಲಿಲ್ಲ. “ನನ್ನ ಹೆಸರು?” ಎಂದರು. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ, 57ನೇ ಕಲಮು. ಹಕ್ಕನ್ನು ಪೂರ್ತಿ ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ಕೃತಿಯನ್ನು ತನ್ನ ಗೌರವಕ್ಕೆ ಕುಂದಾಗುವಂತೆ ತಿರುಚಿದರೆ ತಡೆಯುವ ಹಕ್ಕೂ ಇರುತ್ತದೆ. ನಾನು ಅದನ್ನು ವಿವರಿಸಿದಾಗ ಅವರು ಎದ್ದು ನಿಂತರು. ಬೆಳಗಿನ ಜಾವದವರೆಗೆ ಆ ನಾಟಕದ ಎರಡನೇ ಅಂಕವನ್ನು ಒಬ್ಬರೇ, ಎಲ್ಲ ಪಾತ್ರಗಳ ದನಿಯಲ್ಲೂ ಆಡಿದರು. ಪಕ್ಕದ ಮನೆಯವರೂ ಕಾಂಪೌಂಡಿನಾಚೆ ನಿಂತು ಕೇಳಿದರು. ನಮ್ಮ ಬಡಾವಣೆಯ ಶಿವರಾತ್ರಿಗಳಲ್ಲಿ ಅಷ್ಟು ಚೆಂದದ ಜಾಗರಣೆ ನನಗೆ ಬೇರೆ ನೆನಪಿಲ್ಲ.

ಹಬ್ಬ ಕಳೆದ ಮೇಲೆ ಊರಿನ ಹಿರಿಯ ವಕೀಲರೊಬ್ಬರ ಬಳಿ ಹೋದೆವು. ಜಮೀನು, ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಪಳಗಿದವರು ಅವರು. ಕಾಗದ, ಮೊಹರು, ಮೂಲ ಪ್ರತಿ ಮೂರನ್ನೂ ನೋಡಿ, ತೀರ್ಪನ್ನು ನನ್ನಿಂದ ಓದಿಸಿ, ಸಿಡಿ ತಂದವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದರು. ಅದರಲ್ಲಿ ಅವರು ಸೇರಿಸಿದ ಒಂದು ಸಾಲು ಎದುರಿನವರನ್ನು ಮಾತುಕತೆಗೆ ಎಳೆದು ತಂದಿತು: 62ನೇ ಕಲಮಿನ ಪ್ರಕಾರ ಲೇಖಕರು ತಾವು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಕವಿ ಅಜ್ಜ ಬೆಂಗಳೂರಿಗೆ ಅಲೆಯಬೇಕಿರಲಿಲ್ಲ, ಸಿಡಿಯವರೇ ದಾವಣಗೆರೆಗೆ ಬರಬೇಕಿತ್ತು. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಇತ್ಯರ್ಥವಾಯಿತು. ಹೊಸ ಕವರಿನ ಮೇಲೆ ಅವರ ಹೆಸರು ಬಂತು, ಹಣವೂ ಬಂತು. ಹೊಸ ಒಪ್ಪಂದದಲ್ಲಿ ಅವಧಿ, ಸಿಡಿಗೆ ಮಾತ್ರ ಎಂಬ ಷರತ್ತು, ಲೆಕ್ಕ ಕೊಡುವ ದಿನ ಎಲ್ಲವನ್ನೂ ಬರೆದೆವು. ಸಹಿ ಮಾಡುವ ಮುಂಚೆ ಕವಿ ಅಜ್ಜ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿಕೊಂಡರು. “ಆಗ ಹಿಂಗ ಓದಿ ಹೇಳೋರು ಒಬ್ಬರಿದ್ದಿದ್ರ ಸಾಕಿತ್ತು,” ಎಂದರು.

ನಾನು ಈ ಕೆಲಸವನ್ನೇ ಮಾಡುತ್ತೇನೆಂದು ನಿಶ್ಚಯಿಸಿದ್ದು ಆ ಮಾತಿಗೆ. ಕೇಸು ಗೆಲ್ಲಿಸಲು ಬರುವ ವಕೀಲರಿಗಿಂತ ಸಹಿಗೆ ಮುಂಚೆ ಬರುವ ವಕೀಲರು ಕಲಾವಿದರಿಗೆ ಹೆಚ್ಚು ಬೇಕು.

ಆಮೇಲೆ ಕಾನೂನೂ ಅದೇ ದಿಕ್ಕಿನಲ್ಲಿ ನಡೆಯಿತು. 2012ರ ತಿದ್ದುಪಡಿ ಬಂದು, ಸಿನಿಮಾ ಹಾಡು ಚಿತ್ರಮಂದಿರದ ಪ್ರದರ್ಶನವಲ್ಲದೆ ಬೇರೆ ರೀತಿಯಲ್ಲಿ ಬಳಕೆಯಾದಾಗ ಬರುವ ರಾಯಧನದ ಪಾಲನ್ನು ಗೀತರಚನೆಕಾರರು, ಸಂಗೀತ ನಿರ್ದೇಶಕರು ನಿರ್ಮಾಪಕರಿಗೆ ಬರೆದುಕೊಡಲಾಗದಂತೆ ಮಾಡಿತು. ಸಹಿ ಹಾಕುವಾಗ ಚಾಲ್ತಿಯಲ್ಲಿಲ್ಲದ ಮಾಧ್ಯಮಕ್ಕೆ, ಪತ್ರದಲ್ಲಿ ಅದರ ಹೆಸರು ಹೇಳದೆ ಹಕ್ಕು ಹೋಗುವುದಿಲ್ಲ ಎಂದೂ ಸೇರಿಸಿತು. ಕ್ಯಾಸೆಟ್ಟಿಗೆ ಸಹಿ ಹಾಕಿ ಯೂಟ್ಯೂಬಿನಲ್ಲಿ ತನ್ನ ನಾಟಕ ಕಂಡವರ ನೋವು ಆ ಸಾಲಿನ ಹಿಂದಿದೆ ಎಂದೇ ನಾನು ಓದುತ್ತೇನೆ.

ಈ ವೃತ್ತಿಯ ಹರವು ಇನ್ನೂ ದೊಡ್ಡದು, ಅದರಲ್ಲಿ ಕನ್ನಡಿಗರ ಪಾಲೂ ದೊಡ್ಡದು. ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪ, ಸೆನ್ಸಾರ್ ಮೇಲ್ಮನವಿ ಮಂಡಳಿಯ ನಿರ್ಣಯವನ್ನೂ ಕೇಂದ್ರ ಸರ್ಕಾರ ಬದಲಿಸಬಹುದೆಂಬ ನಿಯಮವನ್ನು ನಮ್ಮ ಹೈಕೋರ್ಟಿನಲ್ಲಿ ಪ್ರಶ್ನಿಸಿ 1990ರಲ್ಲಿ ಗೆದ್ದರು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೇಶದ ಎಲ್ಲ ಚಿತ್ರಕರ್ಮಿಗಳಿಗೂ ಅದರ ಫಲ ಸಿಕ್ಕಿತು. ಡಬ್ಬಿಂಗ್ ತಡೆಯ ವಿವಾದ ಸ್ಪರ್ಧಾ ಆಯೋಗದವರೆಗೆ ಹೋಗಿ 2015ರಲ್ಲಿ ಆದೇಶ ಬಂತು. 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ಹಾಡಿನ ವಿವಾದ ಕೇರಳದ ನ್ಯಾಯಾಲಯಗಳಿಗೆ ಹೋಯಿತು. ಓಟಿಟಿಯಲ್ಲಿ ಕೆಲಕಾಲ ಬೇರೆ ರಾಗದ ಹಾಡು ಕೇಳಬೇಕಾಯಿತು. 2023ರ ಸಿನಿಮಾ ತಿದ್ದುಪಡಿ ಕಾಯ್ದೆ ಪೈರಸಿಗೆ 3 ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿದೆ. ಇವಿಷ್ಟಕ್ಕೂ ಓದಿಕೊಂಡ, ಕನ್ನಡ ಬಲ್ಲ ವಕೀಲರು ಬೇಕು.

ದಾರಿ ಕಠಿಣವಲ್ಲ. ಪಿಯುಸಿ ಆದಮೇಲೆ 5 ವರ್ಷದ ಅಥವಾ ಪದವಿಯ ನಂತರ 3 ವರ್ಷದ ಎಲ್‌ಎಲ್‌ಬಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ. ಓದುವಾಗ ಕೃತಿಸ್ವಾಮ್ಯ, ಕರಾರು, ಟ್ರೇಡ್‌ಮಾರ್ಕ್ ಕಾಯ್ದೆಗಳನ್ನು ಕಲಮು ಕಲಮಾಗಿ ಅರಗಿಸಿಕೊಳ್ಳಿ. ಯಾವುದೇ ಹಿರಿಯರ ಕೈಕೆಳಗೆ ಸಿವಿಲ್ ಪ್ರಕರಣಗಳನ್ನು ಕಲಿಯಿರಿ. ಕಾಗದದ ಬೆನ್ನು ತಿರುವಿ ನೋಡುವ ಅಭ್ಯಾಸ ಅಲ್ಲೇ ಬರುವುದು.

ಆಮೇಲೆ ನಿಮ್ಮೂರಿನಲ್ಲೇ ಹುಡುಕಿ. ಜನಪದ ಹಾಡನ್ನು ರೆಕಾರ್ಡ್ ಮಾಡಿಸುವ ಹುಡುಗಿ, ಹಳ್ಳಿ ನಾಟಕಕ್ಕೆ ಪುಸ್ತಕ ಬರೆಯುವ ಮೇಷ್ಟ್ರು, ಕಿರುಚಿತ್ರ ಮಾಡಿ ಮೊದಲ ಒಪ್ಪಂದಕ್ಕೆ ಕಾಯುತ್ತಿರುವ ಹುಡುಗ ಎಲ್ಲ ಊರಲ್ಲೂ ಇದ್ದಾರೆ. ಅವರ ಮುಂದೆ ಕಾಗದ ಬಂದ ದಿನ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳಿ: ಎಷ್ಟು ವರ್ಷಕ್ಕೆ, ಯಾವ ಮಾಧ್ಯಮಕ್ಕೆ, ಯಾವ ಊರು ದೇಶಕ್ಕೆ, ಹೆಸರು ಎಲ್ಲಿ ಬರುತ್ತದೆ, ಹಣದ ಲೆಕ್ಕ ಯಾವಾಗ. ಅಷ್ಟನ್ನು ನಂಬಿಕೆಯಿಂದ ಮಾಡುವವರಿಗೆ ಈ ವೃತ್ತಿಯಲ್ಲಿ ಕೆಲಸ ತಪ್ಪುವುದಿಲ್ಲ. ಮುಂಬೈ ಬೇಕಾದರೆ ಆಮೇಲೆ ಹೋಗಬಹುದು.